ಉತ್ಖನನದ ದೂರದರ್ಶನ ಕಾರ್ಯಕ್ರಮಗಳ ಆಕರ್ಷಣೆ

೧

ಹುಬ್ಬಳ್ಳಿಯ ದಕ್ಷಿಣದ ಅಂಚಿನಲ್ಲಿರುವ ಗಬ್ಬೂರಿನಿಂದ ಹೆದ್ದಾರಿಯನ್ನು ಹಿಡಿದು, ಹಾವೇರಿ ದಾವಣಗೆರೆಗಳನ್ನು ದಾಟಿ ಮುಂದುವರಿದರೆ ಚಿತ್ರದುರ್ಗವು ಸಿಕ್ಕುತ್ತದೆ. ಆ ದುರ್ಗದ ಬೆಟ್ಟಗಳ ಮಗ್ಗುಲ ಕಣಿವೆಯಲ್ಲಿ ಚಂದ್ರವಳ್ಳಿಯೂ, ಅದೇ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನಲ್ಲಿ ಬ್ರಹ್ಮಗಿರಿಯೂ ಇವೆ. ಅಶೋಕನ ಲಘುಶಿಲಾಶಾಸನವನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದಂದಿನಿಂದ ಬ್ರಹ್ಮಗಿರಿಯ ಹೆಸರು ವಿದ್ವಾಂಸರಿಗೆ ಪರಿಚಿತವಾದುದೇ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ॥ ಎಂ. ಎಚ್. ಕೃಷ್ಣ ಅವರು ಈ ಎರಡು ಸ್ಥಳಗಳಲ್ಲಿಯೂ ನೆಲವನ್ನಗೆಸಿ, ಶಾಸನಕ್ಕಿಂತಲೂ ಹಿಂದಿನ ಜನವಸತಿಯ ಕುರುಹುಗಳನ್ನು ತೋರಿಸಿಕೊಟ್ಟರು. ಅವರು ತೆರೆದ ದಾರಿಯಲ್ಲಿಯೇ ೧೯೪೭ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್ ಅವರು ಬಂದು, ಪದರು ಪದರಾಗಿ ಮಣ್ಣನ್ನು ಬಿಡಿಸಿ, ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಒಂದು ಕಾಲಕ್ರಮವನ್ನು ಕಟ್ಟಲು ಯತ್ನಿಸಿದರು.

ಇದೇ ವ್ಹೀಲರರು ಏಳು ವರ್ಷಗಳ ತರುವಾಯ, ಎಂದರೆ ೧೯೫೪ರಲ್ಲಿ, ಇಂಗ್ಲೆಂಡಿನ ದೂರದರ್ಶನ ಪ್ರೇಕ್ಷಕರಿಗೆ ಆ ವರ್ಷದ ಅತ್ಯಂತ ಪ್ರಿಯ ವ್ಯಕ್ತಿಯೆನಿಸಿದರು. ಗಾಯಕರಿಗೂ ವಿದೂಷಕರಿಗೂ ಸಲ್ಲತಕ್ಕ ಮನ್ನಣೆಯು, ಅರುವತ್ತನ್ನು ಮೀರಿದ, ಮಡಕೆಯ ಚೂರುಗಳನ್ನು ಕುರಿತು ಮಾತಾಡುವ ಒಬ್ಬ ಪಂಡಿತನಿಗೆ ಸಂದಿತು. ಮರುವರ್ಷ ಅದೇ ಮನ್ನಣೆಯು ಅವರ ಸಹಚರರೂ ಪುರಾತತ್ತ್ವಜ್ಞರೂ ಆದ ಗ್ಲಿನ್ ಡೇನಿಯಲ್ ಅವರಿಗೆ ದೊರೆಯಿತು. ಇದು ಆಕಸ್ಮಿಕವಲ್ಲವೆಂಬುದಕ್ಕೆ ಅಂದಿನಿಂದ ಇಂದಿನವರೆಗೆ ಇಂಥ ಕಾರ್ಯಕ್ರಮಗಳು ಎಡೆಬಿಡದೆ ನಡೆದುಬಂದಿರುವುದೇ ಸಾಕ್ಷಿ. ನೆಲವನ್ನಗೆಯುವ ಕೆಲಸದಲ್ಲಿ ಜನರನ್ನು ಹೀಗೆ ಸೆಳೆಯುವುದು ಯಾವುದು? ಆ ಸೆಳೆತದಲ್ಲಿ ಒಳ್ಳೆಯದೆಷ್ಟು, ಅಪಾಯವೆಷ್ಟು? ಇವನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಇದು ಶಾಸನ ಸಾಹಿತ್ಯಗಳ ಅಭ್ಯಾಸಿಗಳಿಗೆ ಸಂಬಂಧಿಸಿದ ವಿಷಯವಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಇಂದಿನ ವಿದ್ಯಾರ್ಥಿಯು ಪ್ರಾಚೀನ ಕಾಲದ ಕಲ್ಪನೆಯನ್ನು ಮೊದಲು ಪಡೆಯುವುದು ಶಾಸನಸಂಪುಟಗಳಿಂದಲ್ಲ, ದೃಶ್ಯಗಳಿಂದ. ಅಲ್ಲದೆ ಭೂಗತವಾದುದರ ಮೇಲಣ ಕುತೂಹಲಕ್ಕೆ ನಮ್ಮ ನಾಡಿನಲ್ಲಿ ಎರಡು ಮುಖಗಳುಂಟು. ಅವುಗಳಲ್ಲೊಂದು ಹಾಳುಗುಡಿಗಳ ಪೀಠವನ್ನು ಕೀಳಿಸುವಂಥದು. ಆದುದರಿಂದ ಈ ಕುತೂಹಲದ ಸ್ವರೂಪವನ್ನು ಅರಿಯುವುದು ಕೇವಲ ವಿನೋದದ ಮಾತಲ್ಲ.

೨

ಈ ಬಗೆಯ ಕಾರ್ಯಕ್ರಮಗಳ ಚರಿತ್ರೆಯನ್ನು ಮೊದಲು ಸಂಕ್ಷೇಪವಾಗಿ ನಿರೂಪಿಸುವುದು ಯುಕ್ತ. ಅಮೆರಿಕದ ಫಿಲಡೆಲ್ಫಿಯದಲ್ಲಿರುವ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯವು ೧೯೫೧ರಲ್ಲಿ ಒಂದು ಆಟವನ್ನು ದೂರದರ್ಶನದಲ್ಲಿ ಆರಂಭಿಸಿತು. ಸಂಗ್ರಹಾಲಯದ ಒಂದು ವಸ್ತುವನ್ನು ವಿದ್ವಾಂಸರ ಮುಂದಿಡುವುದು, ಅದು ಏನು, ಎಲ್ಲಿಯದು, ಯಾವ ಕಾಲದ್ದು ಎಂಬುದನ್ನು ಅವರು ಬಹಿರಂಗವಾಗಿ ಊಹಿಸಿ ಹೇಳುವುದು, ಇದೇ ಆ ಆಟ. ಬಿ.ಬಿ.ಸಿ. ಸಂಸ್ಥೆಯು ೧೯೫೨ರಲ್ಲಿ ಇದನ್ನು ಅನುಸರಿಸಿ ‘ಆನಿಮಲ್, ವೆಜಿಟಬಲ್, ಮಿನರಲ್?’ ಎಂಬ ಕಾರ್ಯಕ್ರಮವನ್ನು ತಂದಿತು. ವ್ಹೀಲರರಿಗೆ ಪ್ರಸಿದ್ಧಿ ಬಂದುದು ಇದರಿಂದಲೇ. ೧೯೫೪ರಲ್ಲಿ ಆರಂಭವಾದ ‘ಬರಿಡ್ ಟ್ರೆಷರ್’ ಕಾರ್ಯಕ್ರಮವು ಪ್ರೇಕ್ಷಕರನ್ನು ಸಂಗ್ರಹಾಲಯದ ಮೇಜಿನಿಂದೆಬ್ಬಿಸಿ ಅಗೆತದ ಸ್ಥಳಗಳಿಗೇ ಕರೆದೊಯ್ದಿತು. ೧೯೬೬ರಿಂದ ‘ಕ್ರಾನಿಕಲ್’ ಎಂಬುದು ಎರಡು ದಶಕಗಳಿಗೂ ಮಿಕ್ಕು ನಡೆಯಿತು. ೧೯೯೪ರಿಂದ ೨೦೧೪ರವರೆಗೆ ಇಂಗ್ಲೆಂಡಿನ ಬೇರೊಂದು ವಾಹಿನಿಯಲ್ಲಿ ‘ಟೈಮ್ ಟೀಮ್’ ಎಂಬುದು ಪ್ರಸಾರವಾಯಿತು. ಒಂದು ಸ್ಥಳದಲ್ಲಿ ಮೂರೇ ದಿನ ಅಗೆದು, ಮೂರನೆಯ ದಿನದ ಸಂಜೆಯೊಳಗೆ ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕೆಂಬುದು ಅದರ ಕಟ್ಟಳೆ. ಪ್ರೇಕ್ಷಕನ ಪರವಾಗಿ ಪ್ರಶ್ನೆ ಕೇಳಲು ಟೋನಿ ರಾಬಿನ್ಸನ್ ಎಂಬ ನಟನೂ, ಉತ್ತರ ಹೇಳಲು ಮಿಕ್ ಆಸ್ಟನ್ ಮೊದಲಾದ ಪಂಡಿತರೂ ಅದರಲ್ಲಿ ಇರುತ್ತಿದ್ದರು.

ನಮ್ಮ ದೇಶದಲ್ಲಿ ದೂರದರ್ಶನವು ೧೯೫೯ರಲ್ಲಿ ದಿಲ್ಲಿಯಲ್ಲಿ ಪ್ರಾರಂಭವಾಯಿತು. ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಶಿಕ್ಷಣದ ಚಿತ್ರಗಳನ್ನು ತೋರಿಸಿದ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದವು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರವು ೧೯೮೧ರಲ್ಲಿ ಬರುವುದಕ್ಕೆ ಮೊದಲೇ, ಮಸ್ಕಿ ಪಿಕ್ಲಿಹಾಳಗಳ ಸೀಮೆಯ ರೈತರು ಊರ ನಡುವೆ ಕುಳಿತು ಪೆಟ್ಟಿಗೆಯೊಳಗಿನ ಚಿತ್ರಗಳನ್ನು ಕಂಡಿದ್ದರೆಂಬುದು ಗಮನಾರ್ಹ. ೧೯೮೮ರಲ್ಲಿ ಶ್ಯಾಮ್ ಬೆನೆಗಲ್ ಅವರ ‘ಭಾರತ್ ಏಕ್ ಖೋಜ್’ ಐವತ್ತಮೂರು ಕಂತುಗಳಲ್ಲಿ ದೇಶದ ಚರಿತ್ರೆಯನ್ನು ಮನೆಮನೆಗೂ ಮುಟ್ಟಿಸಿತು. ಆದರೆ ಅದು ಇತಿಹಾಸದ ಅಭಿನಯ, ಅಗೆತದ ದರ್ಶನವಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಅಭಿನಯದಲ್ಲಿ ಮುಂದೇನಾಯಿತೆಂಬುದು ನಿರ್ದೇಶಕನಿಗೆ ಮೊದಲೇ ಗೊತ್ತು. ಅಗೆತದಲ್ಲಿ ಮುಂದೇನು ಸಿಕ್ಕುವುದೆಂಬುದು ಅಗೆಯುವವನಿಗೂ ಗೊತ್ತಿರುವುದಿಲ್ಲ. ನೋಡುವವನ ಅಜ್ಞಾನವೂ ಪಂಡಿತನ ಅಜ್ಞಾನವೂ ಆ ಒಂದು ಗಳಿಗೆಯಲ್ಲಿ ಸಮವಾಗುತ್ತವೆ. ಆಕರ್ಷಣೆಯ ಮೊದಲ ಬೀಜವು ಇಲ್ಲಿದೆ.

೩

ಆಕರ್ಷಣೆಯ ಕಾರಣಗಳಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವುದು ನಿಧಿಯ ಆಸೆ. ಇದು ನಮಗೆ ಹೊಸದಲ್ಲ. ದಾನಶಾಸನಗಳನ್ನು ಓದುವವರಿಗೆ ಅಷ್ಟಭೋಗಗಳ ಪಟ್ಟಿಯು ಕಂಠಪಾಠವಾಗಿರುತ್ತದಷ್ಟೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಭೂಮಿಯನ್ನು ಕೊಡುವಾಗ ಅದರ ಮೇಲಣ ಬೆಳೆಗಿಂತಲೂ ಮೊದಲು ಅದರ ಒಳಗೆ ಹುದುಗಿರಬಹುದಾದ ಹಣವನ್ನು ಹೆಸರಿಸಿ ಕೊಡುವುದು ನಮ್ಮ ಲೇಖಕರ ಪದ್ಧತಿಯಾಗಿತ್ತು. ಭೂಮಿಯೆಂದರೆ ಒಳಗೆ ಏನನ್ನೋ ಅಡಗಿಸಿಕೊಂಡಿರುವ ವಸ್ತುವೆಂಬ ಭಾವನೆಯು ಶಾಸನದ ಭಾಷೆಯಲ್ಲಿಯೇ ನೆಲೆಗೊಂಡಿದೆ. ಬ್ರಿಟಿಷ್ ಸರಕಾರವು ೧೮೭೮ರಲ್ಲಿ ನಿಧಿಯ ಕಾಯಿದೆಯನ್ನು ಮಾಡಿ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಭೂಗತ ವಸ್ತುವನ್ನು ಕಂಡವನು ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. ಕಾಯಿದೆಯು ವಸ್ತುವಿಗೆ ಹಾಕಿದ ಅಳತೆಯೂ ಬೆಲೆಯದೇ ಆಯಿತು, ಅರ್ಥದ್ದಾಗಲಿಲ್ಲ.

ನಿಧಿಯ ಆಸೆಯು ವಿದ್ಯೆಗೆ ಎಂದೂ ನೆರವಾಗಿಲ್ಲವೆಂದು ಹೇಳುವುದು ಸರಿಯಲ್ಲ. ೧೯೧೫ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಬಳಿ ಚಿನ್ನದ ಗಣಿಗಳ ನೆಲೆಯನ್ನರಸುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರರ ಕಣ್ಣಿಗೆ ಬಂಡೆಯ ಮೇಲಿನ ಅಕ್ಷರಗಳು ಬಿದ್ದವು. ಅದುವರೆಗೆ ತಿಳಿದಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದು ಮಾತ್ರವಿದ್ದು, ಆತನು ಅಶೋಕನೇ ಎಂಬುದನ್ನು ಇತರ ಆಧಾರಗಳಿಂದ ಊಹಿಸಬೇಕಾಗಿತ್ತು. ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರೇ ದೊರೆಯಿತು. ಚಿನ್ನವನ್ನು ಹುಡುಕಿ ಹೋದವನಿಗೆ ಒಂದು ಹೆಸರು ಸಿಕ್ಕಿತು. ಆ ಹೆಸರಿನ ಮುಂದೆ ಆ ಸೀಮೆಯ ಚಿನ್ನವೆಲ್ಲ ಹಗುರವಾಯಿತು.

ಆದರೆ ಇಂಥ ಪ್ರಸಂಗಗಳು ವಿರಳ. ಊರ ಹೊರಗಿನ ಪಾಳುಗುಡಿಯಲ್ಲಿ ಲಿಂಗದ ಪಾಣಿಪೀಠವನ್ನು ಪಕ್ಕಕ್ಕೆ ಸರಿಸಿ ಅಗೆದ ಗುಂಡಿ, ಒಡೆದ ವೀರಗಲ್ಲು, ಮಾಸ್ತಿಕಲ್ಲಿನ ಬುಡದಲ್ಲಿ ಹೊಸ ಮಣ್ಣಿನ ರಾಶಿ, ಇವುಗಳನ್ನು ನಮ್ಮ ನಾಡಿನಲ್ಲಿ ಕ್ಷೇತ್ರಕಾರ್ಯ ಮಾಡುವವರು ಪದೇಪದೇ ಕಾಣುತ್ತಾರೆ. ಹಾಗೆ ಅಗೆದವರಿಗೆ ಸಿಕ್ಕಿದುದೇನೋ ತಿಳಿಯದು. ನಾಡಿಗೆ ಆದ ನಷ್ಟವು ಮಾತ್ರ ಕಣ್ಣೆದುರಿಗೆ ಇರುತ್ತದೆ. ಕಾರ್ಯಕ್ರಮದ ಹೆಸರಿನಲ್ಲಿಯೇ ನಿಧಿಯೆಂಬ ಮಾತನ್ನು ಇಟ್ಟು, ಮಣ್ಣಿನಿಂದ ಚಿನ್ನ ಮೇಲೇಳುವ ಕ್ಷಣವನ್ನೇ ಮತ್ತೆ ಮತ್ತೆ ತೋರಿಸುವ ಚಿತ್ರಗಳು ಈ ಹಳೆಯ ಆಸೆಗೆ ಎಣ್ಣೆ ಹೊಯ್ಯುವುವಲ್ಲವೆ ಎಂಬ ಶಂಕೆಯು ಸಹಜ.

ಹಾಗಾದರೆ ಆಕರ್ಷಣೆಯೆಂಬುದು ಇಷ್ಟೇ ಏನು? ಇಷ್ಟೇ ಆಗಿದ್ದರೆ ‘ಟೈಮ್ ಟೀಮ್’ ಇಪ್ಪತ್ತು ವರ್ಷ ನಡೆಯುತ್ತಿರಲಿಲ್ಲ. ಅದರ ಬಹುಪಾಲು ಕಂತುಗಳಲ್ಲಿ ಸಿಕ್ಕುತ್ತಿದ್ದುದು ಗೋಡೆಯ ಅಡಿಪಾಯ, ಕಂಬದ ಕುಳಿ, ಮಡಕೆಯ ಓಡು, ಹಂಚಿನ ಚೂರು, ಇಷ್ಟೇ. ಆದರೂ ಜನ ನೋಡಿದರು. ಆದುದರಿಂದ ಕಾರಣವನ್ನು ಇನ್ನೂ ಆಳದಲ್ಲಿ ಹುಡುಕಬೇಕು.

೪

ಇಲ್ಲಿ ನಮ್ಮ ಆಲಂಕಾರಿಕರ ನೆರವನ್ನು ಪಡೆಯಬಹುದಾಗಿದೆ. ನಾಟಕದ ಕಾರ್ಯಕ್ಕೆ ಐದು ಅವಸ್ಥೆಗಳುಂಟೆಂದು ಭರತನೂ, ಅವನನ್ನನುಸರಿಸಿ ದಶರೂಪಕದಲ್ಲಿ ಧನಂಜಯನೂ ಹೇಳಿದ್ದಾರೆ: ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಉತ್ಖನನದ ಕಾರ್ಯಕ್ರಮವೊಂದನ್ನು ಈ ಸೂತ್ರದಿಂದ ಪರೀಕ್ಷಿಸಿದರೆ ಅದು ಆಶ್ಚರ್ಯಕರವಾಗಿ ಹೊಂದುತ್ತದೆ. ಹೊಲದಲ್ಲಿ ನೇಗಿಲಿಗೆ ಸಿಕ್ಕಿದ ಒಂದು ಚೂರು, ಅಥವಾ ದಿಬ್ಬದ ಆಕಾರ ನೋಡಿ ಹುಟ್ಟಿದ ಒಂದು ಸಂದೇಹ, ಇದು ಆರಂಭ. ಹಗ್ಗ ಹಿಡಿದು ಚೌಕಗಳನ್ನು ಗುರುತಿಸಿ, ಮೇಲ್ಮಣ್ಣನ್ನು ತೆಗೆಯುವುದು ಯತ್ನ. ಮಣ್ಣಿನ ಬಣ್ಣವು ಬದಲಾಗುವುದು, ಕರಣೆಗೆ ಏನೋ ತಗಲಿದ ಸದ್ದು, ಒಡನೆಯೇ ಮಳೆ ಬರುವುದು, ಅಥವಾ ಅದು ನಿನ್ನೆ ಮೊನ್ನೆಯ ಕೊಳವೆಯೆಂದು ತಿಳಿಯುವುದು, ಹೀಗೆ ಉಪಾಯವೂ ಅಪಾಯವೂ ಬೆರೆತಿರುವುದು ಪ್ರಾಪ್ತ್ಯಾಶೆ. ಗೋಡೆಯ ಎರಡು ಮೂಲೆಗಳು ಸಿಕ್ಕಿ ಉಳಿದೆರಡು ಎಲ್ಲಿರಬೇಕೆಂದು ನಿಶ್ಚಯವಾಗುವುದು ನಿಯತಾಪ್ತಿ. ಕಡೆಗೆ ಪಂಡಿತನು ಎದ್ದು ನಿಂತು ಇದು ಇಂಥದು ಎನ್ನುವುದು ಫಲಾಗಮ.

ಈ ಐದರಲ್ಲಿ ಪ್ರೇಕ್ಷಕನನ್ನು ಹಿಡಿದಿಡುವುದು ಐದನೆಯದಲ್ಲ, ಮೂರನೆಯದು. ಫಲವು ಬಂದೊಡನೆ ನಾಟಕ ಮುಗಿಯಿತು, ನೋಡುವವನು ಏಳುತ್ತಾನೆ. ಆಸೆ ಮತ್ತು ಶಂಕೆಗಳ ನಡುವೆ ತೂಗುತ್ತಿರುವಷ್ಟು ಹೊತ್ತು ಅವನು ಕುಳಿತಿರುತ್ತಾನೆ. ಮೂರು ದಿನಗಳೆಂಬ ಕಟ್ಟಳೆಯು ಪುರಾತತ್ತ್ವಕ್ಕೆ ಬೇಕಾದುದಲ್ಲ. ಅದು ಪ್ರಾಪ್ತ್ಯಾಶೆಯನ್ನು ಬಿಗಿಗೊಳಿಸಲು ರಂಗಕ್ಕೆ ಬೇಕಾದುದು. ನಿರ್ವಹಣ ಸಂಧಿಯಲ್ಲಿ ಅದ್ಭುತರಸವಿರಬೇಕೆಂದು ನಾಟ್ಯಶಾಸ್ತ್ರದ ಮತ. ಅದ್ಭುತದ ಸ್ಥಾಯಿಯು ವಿಸ್ಮಯ, ಲೋಭವಲ್ಲ. ಚಿನ್ನ ಸಿಕ್ಕಿದರೂ ಅದು ನೋಡುವವನ ಪಾಲಿಗೆ ಬರುವುದಿಲ್ಲವೆಂದು ಅವನಿಗೆ ಗೊತ್ತಿದ್ದೂ ಸಂತೋಷಪಡುವನಾದರೆ, ಆ ಸಂತೋಷವು ಲೋಭದ ನೆಲೆಯನ್ನು ಆಗಲೇ ಬಿಟ್ಟು ವಿಸ್ಮಯದ ನೆಲೆಗೆ ಬಂದಿದೆಯೆಂದು ತಿಳಿಯಬೇಕು. ನಿಧಿಗಳ್ಳನಿಗೂ ಪ್ರೇಕ್ಷಕನಿಗೂ ಇರುವ ಅಂತರವು ಇದೇ.

೫

ಆದರೆ ವಿಸ್ಮಯವೊಂದರಿಂದಲೇ ಈ ಕಾರ್ಯಕ್ರಮಗಳ ವಿಶೇಷವನ್ನು ವಿವರಿಸಲಾಗುವುದಿಲ್ಲ; ಇಂದ್ರಜಾಲವೂ ವಿಸ್ಮಯವನ್ನು ಕೊಡುತ್ತದೆ. ಇಲ್ಲಿ ಅದಕ್ಕೆ ಇನ್ನೊಂದು ಭಾವವು ಸೇರುತ್ತದೆ. ಅದನ್ನು ಅಭಿಜ್ಞಾನವೆಂದು ಕರೆಯಬಹುದು. ಶಾಕುಂತಲದಲ್ಲಿ ಮೀನಿನ ಹೊಟ್ಟೆಯಿಂದ ಬಂದ ಉಂಗುರವನ್ನು ಕಂಡು ದುಷ್ಯಂತನಿಗೆ ಆದುದು ಹೊಸ ವಸ್ತುವೊಂದು ದೊರೆತ ಸಂತೋಷವಲ್ಲ. ಮರೆತುಹೋಗಿದ್ದ ತನ್ನದೇ ಸಂಬಂಧವೊಂದರ ನೆನಪು. ಉಂಗುರವನ್ನು ತಂದ ಬೆಸ್ತನಿಗೆ ಅದು ಬೆಲೆಯುಳ್ಳ ಒಡವೆ. ಅರಸನಿಗೆ ಅದು ಗುರುತು. ಒಂದೇ ವಸ್ತುವು ಒಬ್ಬನಿಗೆ ನಿಧಿಯಾಗಿ ಮತ್ತೊಬ್ಬನಿಗೆ ಅಭಿಜ್ಞಾನವಾಗುವ ಬಗೆಯು ಇದು. ಉತ್ಖನನದ ಒಳ್ಳೆಯ ಕಾರ್ಯಕ್ರಮವು ನೋಡುವವನನ್ನು ಬೆಸ್ತನ ಸ್ಥಾನದಿಂದೆತ್ತಿ ಅರಸನ ಸ್ಥಾನದಲ್ಲಿ ನಿಲ್ಲಿಸುತ್ತದೆ ಎಂಬುದೇ ಈ ಲೇಖನದ ಮುಖ್ಯ ಪ್ರತಿಪಾದನೆ.

ಇದಕ್ಕೆ ಉದಾಹರಣೆಗಳನ್ನು ಕೊಡಬೇಕು. ೧೯೫೦ರಲ್ಲಿ ಡೆನ್ಮಾರ್ಕಿನ ಟೋಲುಂಡ್ ಎಂಬಲ್ಲಿ ಜೌಗುನೆಲದೊಳಗೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ಒಬ್ಬ ಮನುಷ್ಯನ ಶರೀರವು ಕೆಡದೆ ದೊರೆಯಿತು. ಅವನ ಹೊಟ್ಟೆಯಲ್ಲಿದ್ದ ಕಡೆಯ ಊಟವನ್ನು ಪರೀಕ್ಷಿಸಿದಾಗ ಅದು ಜವೆ, ಅಗಸೆ ಮತ್ತು ಹಲವು ಕಾಡುಬೀಜಗಳ ಅಂಬಲಿಯೆಂದು ತಿಳಿದುಬಂದಿತು. ೧೯೫೪ರಲ್ಲಿ ‘ಬರಿಡ್ ಟ್ರೆಷರ್’ ಕಾರ್ಯಕ್ರಮದಲ್ಲಿ ಅದೇ ಅಂಬಲಿಯನ್ನು ಮತ್ತೆ ಕಾಯಿಸಿ, ವ್ಹೀಲರ್ ಮತ್ತು ಡೇನಿಯಲ್ ಇಬ್ಬರೂ ಪ್ರೇಕ್ಷಕರೆದುರಿಗೆ ಉಂಡರು. ಅದು ರುಚಿಯಾಗಿರಲಿಲ್ಲ. ಆದರೆ ಆ ದೃಶ್ಯವು ಇಂದಿಗೂ ನೆನಪಿನಲ್ಲಿ ಉಳಿದಿದೆ. ಅದರಲ್ಲಿ ನಿಧಿಯೆಂಬುದೇ ಇರಲಿಲ್ಲ. ಸತ್ತವನ ಬಾಯಿಗೂ ನೋಡುವವನ ಬಾಯಿಗೂ ನಡುವೆ ಇದ್ದ ಎರಡು ಸಾವಿರ ವರ್ಷಗಳು ಒಂದು ತುತ್ತಿನಲ್ಲಿ ಕರಗಿದುದೇ ಅಲ್ಲಿಯ ಸ್ವಾರಸ್ಯ.

ಇನ್ನು ನಮ್ಮ ನಾಡಿಗೆ ಬರೋಣ. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಬೂದಿಯ ದಿಬ್ಬಗಳಿವೆಯೆಂಬುದು ಎಲ್ಲರಿಗೂ ತಿಳಿದ ವಿಷಯ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ತೋರಿಸುತ್ತಾರೆ. ಇವು ಸುಟ್ಟ ಸಗಣಿಯ ರಾಶಿಗಳಿರಬೇಕೆಂದು ರಾಬರ್ಟ್ ಬ್ರೂಸ್ ಫೂಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸೂಚಿಸಿದ್ದರು. ೧೯೫೭ರಲ್ಲಿ ಎಫ್. ಆರ್. ಆಲ್ಚಿನ್ ಅವರು, ಇಂದಿನ ತೆಲಂಗಾಣದಲ್ಲಿರುವ ಉತನೂರಿನ ದಿಬ್ಬವನ್ನು ಅಗೆಸಿದಾಗ, ಕಂಬಗಳನ್ನು ನೆಟ್ಟು ಬೇಲಿ ಕಟ್ಟಿದ ದನದ ಹಟ್ಟಿಯ ಕುರುಹುಗಳೂ, ಪದರುಗಳ ನಡುವೆ ದನಗಳ ಗೊರಸಿನ ಅಚ್ಚುಗಳೂ ದೊರೆತವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಒಂದು ಹಸುವು ಕಾಲಿಟ್ಟ ಗುರುತನ್ನು ನಮ್ಮ ಹಳ್ಳಿಯ ರೈತನಿಗೆ ತೋರಿಸಿದರೆ, ಅವನಿಗೆ ವ್ಯಾಖ್ಯಾನವೇ ಬೇಕಾಗುವುದಿಲ್ಲ. ಸಗಣಿಯನ್ನೂ ಹಟ್ಟಿಯನ್ನೂ ಅವನು ಪುಸ್ತಕದಿಂದ ಕಲಿತವನಲ್ಲ. ಪಂಡಿತನು ತರ್ಕದಿಂದ ಮುಟ್ಟಿದುದನ್ನು ಅವನು ಅನುಭವದಿಂದ ಗುರುತಿಸುತ್ತಾನೆ.

ಹಾಗೆಯೇ ಅಗೆತದಲ್ಲಿ ಧಾನ್ಯದ ಗುಳಿಯೊಂದು ಕಂಡುಬಂದರೆ ನಗರದ ಪ್ರೇಕ್ಷಕನಿಗೆ ಅದು ಒಂದು ದುಂಡನೆಯ ಕಪ್ಪು ಗುರುತು. ಧಾರವಾಡದ ಸೀಮೆಯಲ್ಲಿ ಹಗೇವಿನಿಂದ ಜೋಳ ತೆಗೆದುದನ್ನು ಕಂಡ ಹಿರಿಯರಿಗೆ ಅದು ತಮ್ಮ ಮನೆಯ ಅಂಗಳ. ಹಗೇವಿನ ಬಾಯಿಯನ್ನು ತೆರೆದಾಗ ಬರುವ ಬಿಸಿಗಾಳಿಯನ್ನೂ, ಒಡನೆ ಒಳಗಿಳಿಯಬಾರದೆಂಬ ಎಚ್ಚರಿಕೆಯನ್ನೂ ಅವರು ನೆನೆಯುತ್ತಾರೆ.

ಬ್ರಹ್ಮಗಿರಿಯಲ್ಲಿಯೂ, ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಹಳ್ಳೂರಿನಲ್ಲಿಯೂ, ನೂತನ ಶಿಲಾಯುಗದ ಜನರು ತೀರಿಹೋದ ಎಳೆಯ ಮಕ್ಕಳನ್ನು ಮಡಕೆಗಳಲ್ಲಿಟ್ಟು ಹೂಳುತ್ತಿದ್ದುದು ತಿಳಿದುಬಂದಿದೆ. ಆ ಮಗುವಿಗೆ ಹೆಸರಿಲ್ಲ, ಅದನ್ನು ಹೂಳಿದ ತಾಯಿಗೆ ಕುಲಗೋತ್ರಗಳಿಲ್ಲ. ಅವರಾಡುತ್ತಿದ್ದ ಭಾಷೆ ಯಾವುದೆಂಬುದೂ ಮಡಕೆಯಿಂದ ತಿಳಿಯದು. ರಸಾನುಭವಕ್ಕೆ ಸಾಧಾರಣೀಕರಣವು ಅಗತ್ಯವೆಂದು ಭಟ್ಟನಾಯಕನು ಹೇಳಿದ್ದಾನಷ್ಟೆ. ನಾಟಕದಲ್ಲಿ ಕವಿಯು ಪ್ರಯತ್ನಪೂರ್ವಕವಾಗಿ ಸಾಧಿಸಬೇಕಾದ ಆ ಸಾಧಾರಣ್ಯವನ್ನು ಇಲ್ಲಿ ಕಾಲವೇ ಸಾಧಿಸಿಟ್ಟಿದೆ. ವಿಶೇಷವೆಲ್ಲ ಅಳಿದು, ಮಗುವೆಂಬುದೂ ದುಃಖವೆಂಬುದೂ ಮಾತ್ರ ಉಳಿದಿವೆ.

ಶಾಸನಾಭ್ಯಾಸಿಗಳಾದ ನಮಗೆ ಇದು ವಿಶೇಷವಾಗಿ ಮನನೀಯ. ನಮ್ಮ ಶಾಸನಗಳು ಅರಸನ ಬಿರುದುಗಳನ್ನೂ, ದಾನಿಯ ವಂಶವನ್ನೂ, ಕೆಯ್ಯ ಮೇರೆಯನ್ನೂ ನಿಷ್ಕೃಷ್ಟವಾಗಿ ಹೇಳುತ್ತವೆ. ಆದರೆ ಆ ಕೆಯ್ಯಲ್ಲಿ ದುಡಿದವನು ಸಂಜೆ ಏನನ್ನು ಉಂಡನೆಂಬುದನ್ನು ಹೇಳುವುದು ಅಪೂರ್ವ. ಅದನ್ನು ಹೇಳಬಲ್ಲುದು ಮಣ್ಣು. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ, ಸುಟ್ಟು ಕರಿಕಾಗಿ ಉಳಿದ ಕಾಳುಗಳು ಹಗುರವಾದುದರಿಂದ ಮೇಲೆ ತೇಲುತ್ತವೆ. ಅವನ್ನು ಸೋಸಿ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಈ ವಿಧಾನದಿಂದ ಲಂಡನ್ನಿನ ಡೋರಿಯನ್ ಫುಲ್ಲರ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮೊದಲಾದವರು ಹಳ್ಳೂರು, ಸಂಗನಕಲ್ಲು ಮುಂತಾದ ನೆಲೆಗಳ ಜನರು ಹುರುಳಿ, ಹೆಸರು, ಕೊರಲೆಗಳಂಥ ಕಾಳುಗಳನ್ನು ಬೆಳೆದು ಉಣ್ಣುತ್ತಿದ್ದರೆಂದು ತೋರಿಸಿಕೊಟ್ಟಿದ್ದಾರೆ. ಟೋಲುಂಡಿನವನ ಅಂಬಲಿಯನ್ನು ವ್ಹೀಲರರು ಹೊಸದಾಗಿ ಮಾಡಿಸಿಕೊಂಡು ಉಣ್ಣಬೇಕಾಯಿತು. ಹಳ್ಳೂರಿನವರ ಹುರುಳಿಯು ನಮ್ಮ ಅಡಿಗೆಯ ಮನೆಯನ್ನು ಬಿಟ್ಟುಹೋಗಿಯೇ ಇಲ್ಲ. ಇದಕ್ಕಿಂತ ಹತ್ತಿರದ ಅಭಿಜ್ಞಾನವು ಕನ್ನಡದ ಪ್ರೇಕ್ಷಕನಿಗೆ ಬೇರೆ ಯಾವುದು ಬೇಕು?

೬

ಇಷ್ಟು ಹೇಳಿದ ಮೇಲೆ ಈ ಕಾರ್ಯಕ್ರಮಗಳಿಂದಾಗುವ ಭ್ರಾಂತಿಯನ್ನೂ ಮುಚ್ಚಿಡಬಾರದು. ರಂಗದ ಮೇಲೆ ಫಲಾಗಮವು ಸಂಜೆಯೊಳಗೆ ಆಗಬೇಕು. ನಿಜವಾದ ಉತ್ಖನನದಲ್ಲಿ ಅದು ಅಗೆತದ ಸ್ಥಳದಲ್ಲಿ ಆಗುವುದೇ ಅಪರೂಪ. ಬ್ರಹ್ಮಗಿರಿಯಲ್ಲಿ ವ್ಹೀಲರರು ಕೆಳಗಿನಿಂದ ಮೇಲಕ್ಕೆ ಮೂರು ಸಂಸ್ಕೃತಿಗಳನ್ನು ಗುರುತಿಸಿದರು: ನಯಗೊಳಿಸಿದ ಕಲ್ಲುಗೊಡಲಿಗಳದು, ಬೃಹತ್ಶಿಲಾ ಸಮಾಧಿಗಳದು, ಆಂಧ್ರ ಎಂದರೆ ಸಾತವಾಹನ ಕಾಲದ್ದು. ಆ ಕ್ರಮವು ಇಂದಿಗೂ ನಿಂತಿದೆ. ಆದರೆ ಕಲ್ಲುಗೊಡಲಿಯ ಜನರನ್ನು ಅವರು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನಕ್ಕೆ ಸೇರಿಸಿದ್ದರು. ಮುಂದೆ ಇಂಗಾಲದ ಅಳತೆಯಿಂದ ಕಾಲವನ್ನು ಕಟ್ಟುವ ವಿಧಾನವು ಬಂದಾಗ, ಉತನೂರು ಮೊದಲಾದೆಡೆಗಳ ಇದ್ದಿಲಿನಿಂದ, ಈ ನಾಡಿನ ನೂತನ ಶಿಲಾಯುಗವು ಮೂರನೆಯ ಸಹಸ್ರಮಾನದಷ್ಟು ಹಿಂದೆ ಹೋಗುವುದೆಂದು ಸಿದ್ಧವಾಯಿತು. ಸಾವಿರ ವರ್ಷಗಳಿಗೂ ಮೀರಿದ ತಿದ್ದುಪಡಿ ಇದು. ಮಹಾಪಂಡಿತನು ಗುಂಡಿಯ ಅಂಚಿನಲ್ಲಿ ನಿಂತು ಹೇಳಿದ ಮಾತನ್ನು ದಶಕಗಳ ಮೇಲೆ ಒಂದು ಚಿಟಿಕೆ ಇದ್ದಿಲು ಬದಲಿಸಿತು.

ಹಳ್ಳೂರಿನದು ಇನ್ನೊಂದು ನಿದರ್ಶನ. ಅಲ್ಲಿ ೧೯೬೫ರ ಸುಮಾರಿಗೆ ಎಂ. ಎಸ್. ನಾಗರಾಜರಾವ್ ಅವರು ಅಗೆತವನ್ನು ನಡೆಸಿದರು. ದಕ್ಷಿಣದಲ್ಲಿ ಕಬ್ಬಿಣದ ಬಳಕೆಯು ಕ್ರಿಸ್ತಪೂರ್ವ ಸುಮಾರು ೧೦೦೦ದಷ್ಟು ಹಳೆಯದೆಂಬುದು ಅಲ್ಲಿಯ ಇದ್ದಿಲಿನಿಂದ ತಿಳಿದುಬಂದಿತು. ಅಲ್ಲಿ ದೊರೆತ ಪ್ರಾಣಿಗಳ ಎಲುಬುಗಳನ್ನು ಪಶುವೈದ್ಯರಾದ ಕೆ. ಆರ್. ಆಲೂರ ಅವರು ಪರೀಕ್ಷಿಸಿ, ಅವುಗಳಲ್ಲಿ ಕೆಲವು ಕುದುರೆಯವೆಂದು ಗುರುತಿಸಿದರು. ಆ ವರದಿಯು ೧೯೭೧ರಲ್ಲಿ ಧಾರವಾಡದಲ್ಲಿ ಪ್ರಕಟವಾಯಿತು. ಬೆರಳುಗಳಲ್ಲಿ ಹಿಡಿಯಬಹುದಾದ ಆ ಎಲುಬುಗಳ ಕಾಲವನ್ನೂ ಅರ್ಥವನ್ನೂ ಕುರಿತು, ಆರ್ಯರ ಆಗಮನದ ಪ್ರಶ್ನೆಯೊಡನೆ ಹೆಣೆದುಕೊಂಡು, ದಶಕಗಳ ಕಾಲ ವಾದವಿವಾದಗಳು ನಡೆದವು. ಅಗೆತದ ದಿನ ಆ ಎಲುಬನ್ನು ಯಾರೂ ಬೆಳಕಿಗೆ ಹಿಡಿದು ತೋರಿಸುತ್ತಿರಲಿಲ್ಲ. ಅದು ಬುಟ್ಟಿಯೊಳಗಿನ ನೂರಾರು ಎಲುಬುಗಳಲ್ಲಿ ಒಂದಾಗಿತ್ತು. ರಂಗದ ಫಲವು ಹೊಳೆಯುವ ವಸ್ತು. ಶಾಸ್ತ್ರದ ಫಲವು ಬಹುವೇಳೆ ಬುಟ್ಟಿಯ ತಳದಲ್ಲಿರುವುದು.

ದೂರದರ್ಶನವೇ ಈ ಪಾಠವನ್ನು ಒಮ್ಮೆ ಕಷ್ಟದಿಂದ ಕಲಿತಿತು. ೧೯೬೮ರಲ್ಲಿ ಇಂಗ್ಲೆಂಡಿನ ಸಿಲ್ಬರಿ ಎಂಬ ಭಾರಿ ಮಣ್ಣಿನ ಗುಡ್ಡದೊಳಕ್ಕೆ ರಿಚರ್ಡ್ ಅಟ್ಕಿನ್ಸನ್ ಅವರು ಬಿ.ಬಿ.ಸಿ.ಯ ನೆರವಿನಿಂದ ಸುರಂಗವನ್ನು ಕೊರೆಯಿಸಿದರು. ಒಳಗೆ ರಾಜಸಮಾಧಿಯೂ ಐಶ್ವರ್ಯವೂ ಇರಬಹುದೆಂದು ಪ್ರೇಕ್ಷಕರು ಕಾದರು. ಸಮಾಧಿಯು ಸಿಕ್ಕಲೇ ಇಲ್ಲ. ಸಿಕ್ಕಿದುದು ಗುಡ್ಡವನ್ನು ಕಟ್ಟುವ ಕಾಲದಲ್ಲಿ ಬೆಳೆದಿದ್ದ ಹುಲ್ಲು, ಪಾಚಿ, ಕೀಟಗಳ ಅವಶೇಷ. ಸಾವಿರಾರು ವರ್ಷಗಳ ಹಿಂದಿನ ಒಂದು ಹುಲ್ಲುನೆಲವು ಹಾಗೆಯೇ ಉಳಿದುಬಂದುದು ಶಾಸ್ತ್ರಜ್ಞರಿಗೆ ಅಮೂಲ್ಯವಾಗಿದ್ದರೂ, ನಿಧಿಗಾಗಿ ಕಾದವರಿಗೆ ಅದು ನಿರಾಶೆಯೇ ಆಯಿತು. ಮೇಲಾಗಿ ಸುರಂಗವನ್ನು ಸರಿಯಾಗಿ ತುಂಬದೆ ಬಿಟ್ಟ ಕಾರಣ, ೨೦೦೭ ಮತ್ತು ೨೦೦೮ರಲ್ಲಿ ಮತ್ತೆ ಒಳಹೊಕ್ಕು ಗುಡ್ಡವನ್ನು ಭದ್ರಪಡಿಸಬೇಕಾಯಿತು.

ಈ ಕಡೆಯ ಸಂಗತಿಯು ಉತ್ಖನನದ ಮೂಲಸ್ವಭಾವವನ್ನು ನೆನಪಿಗೆ ತರುತ್ತದೆ. ತಾಳೆಯೋಲೆಯನ್ನು ನಾವು ತಪ್ಪಾಗಿ ಓದಿದರೆ ಮುಂದಿನವನು ಸರಿಯಾಗಿ ಓದಬಹುದು. ಓಲೆಯು ಹಾಗೆಯೇ ಇರುತ್ತದೆ. ಮಣ್ಣಿನ ಪದರನ್ನು ಓದುವುದೆಂದರೆ ಅದನ್ನು ಕಿತ್ತುಹಾಕುವುದು. ಈ ಗ್ರಂಥದ ಹಾಳೆಯನ್ನು ಒಮ್ಮೆ ತಿರುವಿದರೆ ಮತ್ತೆ ಹಿಂದಕ್ಕೆ ತಿರುವಲಾಗದು. ಅಳತೆ, ನಕ್ಷೆ, ಟಿಪ್ಪಣಿ, ವರದಿಗಳೇ ಅದರ ಏಕಮಾತ್ರ ಪ್ರತಿ. ವರದಿಯಾಗದ ಅಗೆತವು, ಅದನ್ನು ಮಾಡಿದವನು ಪಂಡಿತನೇ ಆಗಿದ್ದರೂ, ಪರಿಣಾಮದಲ್ಲಿ ನಿಧಿಗಳ್ಳನ ಗುಂಡಿಗೆ ಸಮಾನ. ಆದರೆ ಬರೆಯುವ ಕೆಲಸವು ನೋಡಲು ಚೆನ್ನಾಗಿರುವುದಿಲ್ಲವಾದುದರಿಂದ ಅದು ಚಿತ್ರದಲ್ಲಿ ಬರುವುದಿಲ್ಲ. ಸಲಿಕೆಯನ್ನು ನೋಡಿದ ಪ್ರೇಕ್ಷಕನು ಲೇಖನಿಯನ್ನು ನೋಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಕಾರ್ಯಕ್ರಮಗಳ ಅತ್ಯಂತ ದೊಡ್ಡ ಲೋಪವು ಚಿನ್ನವನ್ನು ತೋರಿಸುವುದಲ್ಲ, ಲೇಖನಿಯನ್ನು ತೋರಿಸದಿರುವುದು.

೭

ಇದರಿಂದ ಈ ಕಾರ್ಯಕ್ರಮಗಳು ತ್ಯಾಜ್ಯವೆಂದು ಸಿದ್ಧಾಂತ ಮಾಡುವುದು ಸಲ್ಲದು. ವ್ಹೀಲರರೇ ಜೀವನದುದ್ದಕ್ಕೂ, ಜನರಿಗೆ ತಿಳಿಯುವಂತೆ ಹೇಳುವುದು ಪುರಾತತ್ತ್ವಜ್ಞನ ಕರ್ತವ್ಯವೆಂದು ನಂಬಿದ್ದರು. ಅಗೆದು ತೆಗೆಯಬೇಕಾದುದು ವಸ್ತುಗಳನ್ನಲ್ಲ, ಮನುಷ್ಯರನ್ನು ಎಂಬುದು ಅವರ ಆಗ್ರಹವಾಗಿತ್ತು. ಜನರ ಹಣದಿಂದ ನಡೆಯುವ ಕೆಲಸದಲ್ಲಿ ಜನರಿಗೆ ಪಾಲಿರಬೇಕು. ಅಲ್ಲದೆ, ತನ್ನೂರ ದಿಬ್ಬದಲ್ಲಿ ತನ್ನ ಹಿರಿಯರ ಹಟ್ಟಿಯಿದೆಯೆಂದು ತಿಳಿದವನು ಆ ದಿಬ್ಬದ ಮಣ್ಣನ್ನು ಬಂಡಿಯಲ್ಲಿ ಹೇರಿಸುವ ಮುನ್ನ ಒಂದು ಗಳಿಗೆ ನಿಲ್ಲುತ್ತಾನೆ. ಹಾಗೆ ನಿಲ್ಲಿಸುವ ಶಕ್ತಿಯು ಕಾಯಿದೆಗಿಂತ ಅಭಿಜ್ಞಾನಕ್ಕೆ ಹೆಚ್ಚು.

ಅಧ್ಯಾಪಕರು ಈ ಕುತೂಹಲವನ್ನು ಹಳಿಯುವುದರ ಬದಲು ತಿದ್ದಬಹುದು. ವಿದ್ಯಾರ್ಥಿಗಳು ಇಂಥ ಚಿತ್ರವೊಂದನ್ನು ನೋಡಿ ಬಂದಾಗ ಅವರಿಗೆ ಮೂರು ಪ್ರಶ್ನೆಗಳನ್ನು ಹಾಕಿದರೆ ಸಾಕು. ಆ ವಸ್ತುವು ಯಾವ ಪದರಿನಲ್ಲಿ, ಯಾವುದರ ಜೊತೆಗೆ ಇತ್ತು? ಅದರ ಕಾಲವನ್ನು ಹೇಳಿದವರು ಯಾವ ಆಧಾರದಿಂದ ಹೇಳಿದರು? ಅದರ ವರದಿಯು ಎಲ್ಲಿ ಪ್ರಕಟವಾಗಿದೆ? ಪಾಠಾಂತರಗಳನ್ನು ನೋಡಿ ಗ್ರಂಥಸಂಪಾದನೆ ಮಾಡುವವನು ಕೇಳುವ ಪ್ರಶ್ನೆಗಳೂ ಇವೇ ಅಲ್ಲವೆ? ಪ್ರತಿಯು ಯಾವುದು, ಅದರ ಕಾಲವನ್ನು ನಿರ್ಣಯಿಸಿದ ಬಗೆ ಹೇಗೆ, ಅದು ಎಲ್ಲಿದೆ ಎಂದು ನಾವು ದಿನವೂ ವಿಚಾರಿಸುತ್ತೇವೆ. ಹೀಗಿರುವುದರಿಂದ, ಮಣ್ಣಿನ ಗ್ರಂಥಕ್ಕೂ ಓಲೆಯ ಗ್ರಂಥಕ್ಕೂ ವಿಮರ್ಶೆಯ ನಿಯಮವು ಒಂದೇ ಎಂದು ತೋರಿಸಿಕೊಡಲು ಸಾಹಿತ್ಯದ ಅಧ್ಯಾಪಕನಿಗಿಂತ ಯೋಗ್ಯನಾದವನು ಇನ್ನೊಬ್ಬನಿಲ್ಲ.

ಕನ್ನಡದಲ್ಲಿ ಈ ವಿಷಯವನ್ನು ಕುರಿತು ಚಿತ್ರಗಳನ್ನು ಮಾಡುವವರಿಗೂ ಒಂದು ವಿಜ್ಞಾಪನೆಯುಂಟು. ನಿಧಿಯ ಕೊಡದಿಂದ ಆರಂಭಿಸಬೇಕಾಗಿಲ್ಲ. ಒಂದು ಬುಟ್ಟಿ ಮಣ್ಣು, ಒಂದು ಕೊಪ್ಪರಿಗೆ ನೀರು, ಅದರ ಮೇಲೆ ಮೆಲ್ಲನೆ ತೇಲಿಬರುವ ನಾಲ್ಕಾರು ಕರಿಯ ಹುರುಳಿಕಾಳುಗಳು, ಅವನ್ನು ಸೋಸಿ ಎಣಿಸಿ ಕಾಗದದ ಮೇಲೆ ಬರೆದುಕೊಳ್ಳುವ ಒಂದು ಕೈ, ಇಷ್ಟಿದ್ದರೆ ಸಾಕು. ಅದನ್ನು ನೋಡಿದ ಮನೆಯವರು ಆ ರಾತ್ರಿ ಹುರುಳಿಯ ಸಾರನ್ನು ಬಡಿಸಿಕೊಳ್ಳುವಾಗ ತಟ್ಟೆಯನ್ನು ಕ್ಷಣಕಾಲ ದಿಟ್ಟಿಸಿದರೆ, ಉತ್ಖನನವು ಅವರ ಮಟ್ಟಿಗೆ ಸಫಲವಾಯಿತೆಂದೇ ತಿಳಿಯಬೇಕು. ಈ ವಿಚಾರಗಳನ್ನು ವಿದ್ವಾಂಸರು ಪರಿಶೀಲಿಸಿ, ತಪ್ಪಿದ್ದಲ್ಲಿ ತಿದ್ದಬೇಕೆಂದು ಪ್ರಾರ್ಥನೆ.